ಎರಡು ತೂತಿನ ದೆವ್ವ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕನ್ನಡಿಗ ದಂಪತಿಯ ಮನೆ. ಹ್ಯಾಲೋವೀನ್‌ಗೆ ಇನ್ನೆರಡೇ ದಿನ. ಅಂಗಳದ ಮೇಪಲ್ ಮರಕ್ಕೆ ನೇತುಬಿದ್ದಿದ್ದ ಹಳೇ ಬಿಳಿ ಬೆಡ್‌ಶೀಟ್ ಮಾತಿಗೆ ಸಿಕ್ಕಿತು. ತಲೆಯ ಜಾಗದಲ್ಲಿ ಬಲೂನು, ಕಣ್ಣಿನ ಜಾಗದಲ್ಲಿ ಎರಡು ತೂತು, ಒಂದು ಮೂಲೆಯಲ್ಲಿ ಎಷ್ಟು ಒಗೆದರೂ ಹೋಗದ ಸಾರಿನ ಕಲೆ.

ಪ್ರಶ್ನೆ: ದೆವ್ವವಾಗಿ ಎಷ್ಟು ಕಾಲವಾಯಿತು?

ಬೆಡ್‌ಶೀಟ್: ಮೊನ್ನೆ ಶನಿವಾರದಿಂದ. ಅದಕ್ಕೆ ಮುಂಚೆ ಗೆಸ್ಟ್ ರೂಮಿನಲ್ಲಿದ್ದೆ. ಊರಿಂದ ಬಂದ ಅತ್ತೆ-ಮಾವ ಆರು ತಿಂಗಳು ನನ್ನ ಮೇಲೇ ಮಲಗಿದ್ದರು. ಆಗಲೂ ಸೊಸೆ ಹೆದರುತ್ತಿದ್ದಳು. ನನಗಲ್ಲ.

ಪ್ರಶ್ನೆ: ಈ ಕೆಲಸಕ್ಕೆ ನಿಮ್ಮನ್ನೇ ಆರಿಸಿದ್ದೇಕೆ?

ಬೆಡ್‌ಶೀಟ್: ಬಜೆಟ್ ಸ್ವಾಮಿ. ಎದುರುಮನೆ ನೋಡಿ, 12 ಅಡಿಯ ಅಸ್ಥಿಪಂಜರ. ಹೋಮ್ ಡಿಪೋದವರು 2020ರಲ್ಲಿ ಮೊದಲ ಸಲ ಮಾರಿದಾಗ ಬೆಲೆ 299 ಡಾಲರ್. ಕೊರೊನಾ ವರ್ಷ, ಹೊರಗೆ ಕಾಲಿಡಲು ಜನ ಹಿಂಜರಿಯುತ್ತಿದ್ದರು. ಆದರೂ ಸರಕು ಖಾಲಿ. ಈಗ ಅದಕ್ಕೆ ಸ್ಕೆಲ್ಲಿ ಅಂತ ಮುದ್ದಿನ ಹೆಸರು ಬೇರೆ. ಕಣ್ಣಲ್ಲಿ ಎಲ್‌ಸಿಡಿ ಪರದೆ! ನಮ್ಮ ಯಜಮಾನರು ಅದನ್ನು ಕಿಟಕಿಯಿಂದಲೇ ಬಹಳ ಹೊತ್ತು ನೋಡಿದರು. ಆಮೇಲೆ, "ಈ ಸಲ ಎಲ್ಲ ಮನೇ ಸಾಮಾನಲ್ಲೇ" ಎಂದು ಸಾರಿಬಿಟ್ಟರು.

ಪ್ರಶ್ನೆ: ದುಡ್ಡು ಉಳಿಯಿತೇ?

ಬೆಡ್‌ಶೀಟ್: ನಾನು ಪುಕ್ಕಟೆ. ನನ್ನನ್ನು ತೂಗುಹಾಕಲು ಕಣ್ಣಿಗೆ ಕಾಣದ ದಾರ ಬೇಕೆಂದು ಮೀನು ಹಿಡಿಯುವ ದಾರದ ಉಂಡೆ ತಂದರು. ಅಂಟಿಸಲು ಗ್ಲೂ ಗನ್, ಅದಕ್ಕೆ ಅಂಟಿನ ಕಡ್ಡಿ, ಕಡ್ಡಿ ತರಲು ಹೋದಲ್ಲಿ ಕಪ್ಪು ಬಣ್ಣ. ಡಾಲರ್ ಟ್ರೀ ಅಂಗಡಿಯವರು 2021ರ ಕೊನೆಗೆ ಒಂದು ಡಾಲರಿನ ಮಾಲಿಗೆ ಒಂದೂಕಾಲು ಡಾಲರ್ ಮಾಡಿದರಲ್ಲ, ಇವರು ಪಾಪ "ಒಂದೂಕಾಲು ತಾನೇ" ಎನ್ನುತ್ತ 40 ಸಾಮಾನು ಹೊತ್ತು ತಂದರು. ಅಲ್ಲಿಗೆ 50 ಡಾಲರ್. ಉಳಿತಾಯಕ್ಕೆಂದು ಇಷ್ಟು ಖರ್ಚು ಮಾಡಲೂ ಒಂದು ಶಿಸ್ತು ಬೇಕು, ಬಿಡಿ.

ಪ್ರಶ್ನೆ: ಹಾಗಾದರೆ ನಿಜವಾಗಿ ಅಗ್ಗಕ್ಕೆ ಆದದ್ದು ಏನೂ ಇಲ್ಲವೇ?

ಬೆಡ್‌ಶೀಟ್: ಇದೆ, ಅಗೋ ಹಾಲಿನ ಕ್ಯಾನುಗಳು. ಮೊಸರು, ಕಾಫಿ ಅಂತ ಈ ಮನೆಯಲ್ಲಿ ಗ್ಯಾಲನ್‌ಗಟ್ಟಲೆ ಹಾಲು ಮುಗಿಯುತ್ತದೆ. ಖಾಲಿ ಕ್ಯಾನು ತೊಳೆದು, ಕಪ್ಪು ಮಾರ್ಕರ್‌ನಲ್ಲಿ ಕಣ್ಣು-ಬಾಯಿ ಬರೆದು, ಹಿಂಬದಿಗೆ ಕಿಂಡಿ ಕೊಯ್ದು, ದೀಪಾವಳಿಯ ಸೀರಿಯಲ್ ಸೆಟ್ ಒಳಗೆ ತುರುಕಿದರು. ಮುಸ್ಸಂಜೆಗೆ ಸ್ವಿಚ್ ಒತ್ತಿದರೆ ದಾರಿಯುದ್ದಕ್ಕೂ ಬೆಳ್ಳನೆ ಮುಖಗಳು ಹಲ್ಲುಕಿರಿಯುತ್ತವೆ. ಮೇಣದಬತ್ತಿ ಮಾತ್ರ ಬೇಡ ಅಂದೆ. ನಾನು ಹತ್ತಿ, ಅದು ಪ್ಲಾಸ್ಟಿಕ್ಕು. ಟಾಯ್ಲೆಟ್ ಪೇಪರ್ ಮುಗಿದ ಮೇಲಿನ ರಟ್ಟಿನ ಕೊಳವೆಗೆ ಓರೆಗಣ್ಣು ಕತ್ತರಿಸಿ, ಗ್ಲೋ ಸ್ಟಿಕ್ ಇಟ್ಟು ಪೊದೆಗೆ ಸಿಕ್ಕಿಸಿದ್ದು ಮಗಳು. ಎದುರುಮನೆ ನಾಯಿ ಆ ಪೊದೆಗೆ ಈಗ ಕಾಲೆತ್ತುವುದಿಲ್ಲ. ಅಂಗಡಿಯ ಜೇಡರಬಲೆಗೆ ಹಕ್ಕಿಗಳು ಸಿಕ್ಕಿಹಾಕಿಕೊಳ್ಳುತ್ತವಂತೆ. ಗ್ಯಾರೇಜಿನಲ್ಲಿ ಅಸಲಿ ಬಲೆಯೇ ಇದೆ, ಕಸ ಹೊಡೆಯದಿದ್ದರಾಯಿತು.

ಪ್ರಶ್ನೆ: ದೀಪಾವಳಿಯ ದೀಪ ದೆವ್ವಕ್ಕೆ? ಊರಲ್ಲಿರುವ ಅಜ್ಜಿ ಏನೂ ಅನ್ನಲಿಲ್ಲವೇ?

ಬೆಡ್‌ಶೀಟ್: 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಬಾಗಿಲಲ್ಲಿ ರಂಗೋಲಿ, ಪಕ್ಕದಲ್ಲಿ ತಲೆಬುರುಡೆ. ಅದು ನರಕಾಸುರನದು ಅಂತ ವಿಡಿಯೋ ಕಾಲ್‌ನಲ್ಲಿ ಅಜ್ಜಿಯನ್ನು ಒಪ್ಪಿಸಿದರು.

ಪ್ರಶ್ನೆ: ಬೆಡ್‌ಶೀಟ್ ದೆವ್ವ ಅಂದರೆ ಸೋಮಾರಿಗಳ ದೆವ್ವ ಅನ್ನುತ್ತಾರಲ್ಲ?

ಬೆಡ್‌ಶೀಟ್: ಅನ್ನುವವರಿಗೆ ಚರಿತ್ರೆ ಗೊತ್ತಿಲ್ಲ. ಇಂಗ್ಲೆಂಡಿನ ಬಡವನಿಗೆ ಶವಪೆಟ್ಟಿಗೆ ಎಲ್ಲಿಂದ ಬರಬೇಕು? ಬಟ್ಟೆಯಲ್ಲಿ ಸುತ್ತಿ, ತಲೆಗೊಂದು ಕಾಲಿಗೊಂದು ಗಂಟು ಹಾಕಿ ಹೂಳುತ್ತಿದ್ದರು. ಎದ್ದು ಬಂದರೆ ಅದರಲ್ಲೇ ತಾನೇ ಬರಬೇಕು? 1660-70ರ ದಶಕಗಳಲ್ಲಿ ಅಲ್ಲಿನ ಪಾರ್ಲಿಮೆಂಟು ಉಣ್ಣೆ ವ್ಯಾಪಾರ ಬೆಳೆಯಲಿ ಅಂತ, ಹೆಣಕ್ಕೂ ಉಣ್ಣೆಬಟ್ಟೆಯೇ ಸುತ್ತಬೇಕೆಂದು ಕಾಯಿದೆ ಮಾಡಿತು. ತಪ್ಪಿದರೆ 5 ಪೌಂಡ್ ದಂಡ. ಉಳ್ಳವರು ದಂಡ ಕಟ್ಟಿಯೇ ಲಿನನ್ ಹೊದ್ದು ಹೋದರು! ಎದುರುಮನೆಯವರ ಮುಂದೆ ಮೆರೆಯುವ ಚಟ ಗೋರಿಯವರೆಗೂ ಇತ್ತು ಅಂತಾಯಿತಲ್ಲ.

ಪ್ರಶ್ನೆ: ನಿಮ್ಮಂಥವರನ್ನು ಕಂಡು ಯಾರಾದರೂ ನಿಜಕ್ಕೂ ಹೆದರಿದ್ದುಂಟೇ?

ಬೆಡ್‌ಶೀಟ್: ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ದೆವ್ವದ ಗುಲ್ಲೆದ್ದಿತ್ತು. ಫ್ರಾನ್ಸಿಸ್ ಸ್ಮಿತ್ ಎಂಬಾತ ಕೋವಿ ಹಿಡಿದು ಹೊಂಚಿ ನಿಂತ. 1804ರ ಜನವರಿ 3ರ ರಾತ್ರಿ ಬೆಳ್ಳಗೆ ಏನೋ ಬಂತು, ಗುಂಡು ಹೊಡೆದ. ಸತ್ತವನು ಥಾಮಸ್ ಮಿಲ್‌ವುಡ್, ಗಾರೆ ಕೆಲಸದವನು. ಬಿಳಿ ಬಟ್ಟೆ ಅವನ ಕಸುಬಿನದು. ಮೇಲೊಂದು ಕೋಟು ಹಾಕಿಕೊಂಡು ಓಡಾಡು ಅಂತ ಅವನ ಅತ್ತೆ ಮೊದಲೇ ಬುದ್ಧಿ ಹೇಳಿದ್ದಳಂತೆ. ಅತ್ತೆಯರ ಮಾತು ಯಾರು ಕೇಳುತ್ತಾರೆ! ಆಮೇಲೆ ಬೂಟು ಹೊಲಿಯುವ ಮುದುಕನೊಬ್ಬ ಒಪ್ಪಿಕೊಂಡ: ತನ್ನ ಮಕ್ಕಳಿಗೆ ಕೆಲಸದ ಹುಡುಗ ದೆವ್ವದ ಕಥೆ ಹೇಳಿ ಹೆದರಿಸುತ್ತಿದ್ದ, ಅವನಿಗೆ ಪಾಠ ಕಲಿಸಲು ತಾನೇ ಬಿಳಿ ಬಟ್ಟೆ ಹೊದ್ದಿದ್ದೆ ಅಂತ. ಬಂಡವಾಳ ಎಷ್ಟು? ಒಂದು ಬೆಡ್‌ಶೀಟ್.

ಪ್ರಶ್ನೆ: ಈ ಬೀದಿಯ ಮಕ್ಕಳು?

ಬೆಡ್‌ಶೀಟ್: ನನ್ನನ್ನು ನೋಡುವುದೇ ಇಲ್ಲ, ಚಾಕೊಲೇಟಿನ ಬುಟ್ಟಿ ನೋಡುತ್ತಾರೆ. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಬರುತ್ತಾರೆ, ಆರಿಸಿದ್ದರೆ ಮುಂದಿನ ಮನೆಗೆ ಹೋಗುತ್ತಾರೆ. ಹೋದ ವರ್ಷ ಚಾಕೊಲೇಟು ಮುಗಿದಾಗ ಯಜಮಾನರು ಊರಿನ ನೆನಪಲ್ಲಿ ಸೀಮೆಸುಣ್ಣದಿಂದ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರು. ಕನ್ನಡ ಓದಲು ಬರುತ್ತಿದ್ದ ಒಂದೇ ಒಂದು ಹುಡುಗಿ ಮಾರನೇ ದಿನ ಬಂದು ವಸೂಲಿ ಮಾಡಿಕೊಂಡು ಹೋದಳು.

ಪ್ರಶ್ನೆ: ಹಬ್ಬ ಮುಗಿದ ಮೇಲೆ ಮತ್ತೆ ಗೆಸ್ಟ್ ರೂಮೇ?

ಬೆಡ್‌ಶೀಟ್: ತೂತು ಬಿದ್ದವರನ್ನು ಯಾರು ಕರೆಯುತ್ತಾರೆ? ನವೆಂಬರ್ 1ಕ್ಕೆ ಅಂಗಡಿಗಳಲ್ಲಿ ಅರ್ಧ ಬೆಲೆ ಶುರು. ನಿನ್ನೆ ರಾತ್ರಿ ಯಜಮಾನರು ಟೇಪು ಹಿಡಿದು ಗ್ಯಾರೇಜು ಅಳೆಯುತ್ತಿದ್ದರು. "ಸ್ಕೆಲ್ಲಿ ಅರ್ಧಕ್ಕೆ ಸಿಕ್ಕರೆ 150 ಡಾಲರ್ ಉಳಿತಾಯ ಕಣೇ" ಅಂತ ಹೆಂಡತಿಗೆ ಹೇಳಿದ್ದೂ ಕೇಳಿಸಿತು.

ಪ್ರಶ್ನೆ: ನಿಮ್ಮ ಕೆಲಸ ಹೋಯಿತಲ್ಲ!

ಬೆಡ್‌ಶೀಟ್: ಎಲ್ಲಿ ಹೋಗುತ್ತೆ? ಮುಂದಿನ ಅಕ್ಟೋಬರ್‌ವರೆಗೆ ಅದರ ಮೇಲೆ ಧೂಳು ಕೂರಬಾರದು ನೋಡಿ. ಮುಚ್ಚಲು ಹಳೇ ಬೆಡ್‌ಶೀಟ್ ಒಂದು ಬೇಕೇ ಬೇಕು.