ಮೂತಿ ಉದ್ದದ ಡಬ್ಬಿ

35 ಎಂ.ಎಂ. ಫಿಲ್ಮಿನ ಪುಟ್ಟ ಕ್ಯಾಮೆರಾಗಳಲ್ಲಿ ಝೂಮ್ ಲೆನ್ಸ್ ಹೊತ್ತು ಬಂದ ಮೊದಲನೆಯದು 1986ರ ಪೆಂಟಾಕ್ಸ್ ಝೂಮ್-70. 35ರಿಂದ 70 ಎಂ.ಎಂ.ವರೆಗೆ ಚಾಚುತ್ತಿತ್ತು, ಅಷ್ಟೆ. ಆಮೇಲೆ ಕಂಪನಿಗಳಿಗೆ ಮೂತಿ ಬೆಳೆಸುವ ಹುಚ್ಚು ಹಿಡಿಯಿತು. ಒಲಿಂಪಸ್‌ನ ಮ್ಯೂ ಝೂಮ್ 140 ಅಂತೂ ಹೆಸರಿಗೆ ತಕ್ಕಂತೆ 140 ಎಂ.ಎಂ. ಮುಟ್ಟಿತು.

ಅಟ್ಟದ ಮೇಲಿನ ಇಂಥದ್ದೊಂದು ಡಬ್ಬಿ ಕೈಗೆ ಸಿಕ್ಕ ಹುಡುಗನನ್ನು ಮದುವೆಮನೆಯಲ್ಲಿ ನೋಡಬೇಕು! ಗುಂಡಿ ಒತ್ತಿದರೆ ‘ಝುಯ್’ ಅಂತ ಮೂತಿ ಹೊರಗೆ. ಕೊನೇ ಸಾಲಿನಲ್ಲಿ ಕೂತೇ ಮದುಮಗಳ ಮೂಗುತಿ ಹಿಡಿದುಬಿಡುವ ಉಮೇದು. ಆದರೆ 38 ಎಂ.ಎಂ.ನಲ್ಲಿ ಎಫ್/4 ಇದ್ದ ಲೆನ್ಸು ಪೂರ್ತಿ ಚಾಚಿದಾಗ ಎಫ್/11. ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು. ಅದು ಸಾಲದೆಂದು ಫ್ಲಾಶ್ ತಾನಾಗಿಯೇ ಹೊಡೆಯುತ್ತದೆ. ಮಂಟಪದವರೆಗೆ ಹೋಗುವ ತ್ರಾಣವಿಲ್ಲದೆ ಮುಂದಿನ ಸಾಲಿನ ಮಾವಯ್ಯನ ಬೋಳುತಲೆಯನ್ನು ಬೆಳಗುತ್ತದೆ.

ವ್ಯೂಫೈಂಡರಿನದು ಬೇರೆಯೇ ಕಿಟಕಿ. ಲೆನ್ಸಿಗೆ ಬೆರಳು ಅಡ್ಡ ಬಂದರೂ ಅದರಲ್ಲಿ ಎಲ್ಲವೂ ಚೆಂದವೇ.

36 ಚಿತ್ರ ಮುಗಿದೊಡನೆ ಮೋಟರು ಗುರ್ರೆಂದು ರೀಲನ್ನು ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ. ಪುರೋಹಿತರೂ ತಿರುಗಿ ನೋಡುತ್ತಾರೆ.

ರೀಲು ತೊಳೆಸಿ ತಂದ ಮೇಲೆ ಅಜ್ಜಿ ಕನ್ನಡಕ ಏರಿಸಿ ಕೇಳುತ್ತಾರೆ: “ಈ ಕೆಂಪಗೆ ದುಂಡಗಿರೋರು ಯಾರ ಕಡೆಯೋರೋ, ಮಗಾ?”

“ನನ್ನ ಹೆಬ್ಬೆರಳು, ಅಜ್ಜಿ.”