ಹಕ್ಕಿಗಳ ಸಾಲಿನಲ್ಲಿ ಗುರೆಳ್ಳು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಡುಗೆಮನೆಯ ಸಾಮಾನು ಅಮೆರಿಕದ ಸಾಧಾರಣ ಸೂಪರ್‌ಮಾರ್ಕೆಟ್ಟುಗಳಲ್ಲೂ ಸಾಕಷ್ಟು ಸಿಗುತ್ತದೆ. ತೊಡಕೇನೆಂದರೆ, ಯಾವುದೂ ಹುಡುಕಿದ ಕಡೆ ಇರುವುದಿಲ್ಲ.

ಜೋಳದ ಹಿಟ್ಟು ಗೋಧಿ ಹಿಟ್ಟಿನ ನೆರೆಯಲ್ಲಿ ಕಾಣದು. ಗ್ಲುಟೆನ್ ಒಗ್ಗದವರ ಪಥ್ಯದ ಸಾಲಿನಲ್ಲಿ, ‘ಸೋರ್ಗಮ್’ ಎಂಬ ಹೆಸರು ಹೊತ್ತು, ಔಷಧದ ಗಾಂಭೀರ್ಯದಲ್ಲಿ ಕೂತಿರುತ್ತದೆ. ಜೋಳ ಬೆಳೆಯುವುದರಲ್ಲಿ ಅಮೆರಿಕ ಜಗತ್ತಿನಲ್ಲೇ ಮುಂದು. ಆದರೆ ಅದರಲ್ಲಿ ಬಹುಪಾಲು ದನ, ಹಂದಿ, ಕೋಳಿಗಳಿಗೆ, ಇಥೆನಾಲಿಗೆ, ರಫ್ತಿಗೆ. ಈ ಹಿಟ್ಟು ಕೂಡಿಕೊಳ್ಳಲೆಂದು ಅಲ್ಲಿಯ ಅಡುಗೆ ಪುಸ್ತಕಗಳು ಕ್ಸಾಂಥನ್ ಗಮ್ ಎಂಬ ಅಂಟು ಬೆರೆಸಲು ಹೇಳುತ್ತವೆ. ಹುಕ್ಕೇರಿಯ ಹೆಣ್ಣುಮಕ್ಕಳು ಅದನ್ನು ಕುದಿಯುವ ನೀರಿನಲ್ಲೇ ಸಾಧಿಸಿ, ನಾದಿ, ರೊಟ್ಟಿ ಬಡಿದು ಮುಗಿಸುತ್ತಾರೆ. ಗೋಕಾಕದವರಂತೂ ಅಂಟನ್ನು ಹಿಟ್ಟಿಗೆ ಹಾಕಿ ದಂಡ ಮಾಡುವವರಲ್ಲ. ತುಪ್ಪದಲ್ಲಿ ಅರಳುವಂತೆ ಕರಿದು, ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಕೂಡಿಸಿ ಕರದಂಟು ಮಾಡುತ್ತಾರೆ.

ಕಬ್ಬಿನ ಸೀಮೆಯ ಮೂಡಲಗಿಯವರಿಗೆ ಬೆಲ್ಲ ಹುಡುಕಿಕೊಂಡು ಹೋಗುವುದೇ ಅವಮಾನ. ಹೋಗಲೇಬೇಕಾದರೆ ಮೆಕ್ಸಿಕೊ ಸಾಮಾನಿನ ಸಾಲಿಗೆ ಹೋಗಬೇಕು. ಅಲ್ಲಿಯ ‘ಪಿಲೋನ್ಸಿಯೊ’, ಕೊಲಂಬಿಯದ ‘ಪನೇಲಾ’ ಎರಡೂ ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲವೇ, ಭಾಷೆಯಷ್ಟೇ ಸ್ಪ್ಯಾನಿಷ್. ಗಸಗಸೆಯನ್ನು ಅಮೆರಿಕನ್ನರು ಬ್ರೆಡ್ಡಿನ ಮೇಲೆ ಧಾರಾಳವಾಗಿ ಉದುರಿಸಿಕೊಳ್ಳುತ್ತಾರೆ. ದುಬೈ, ಸಿಂಗಪುರಗಳಲ್ಲಿ ಅದೇ ನಿಷಿದ್ಧ ವಸ್ತು. ಗಸಗಸೆ ಬಿದ್ದ ಕರದಂಟನ್ನು ಅಳಿಯನಿಗೆಂದು ಅಲ್ಲಿಗೆ ಹೊತ್ತೊಯ್ಯುವ ಅತ್ತೆ ತಿಳಿಯದೆಯೇ ಕಳ್ಳಸಾಗಣೆಗಾರ್ತಿ.

ಎಲ್ಲಕ್ಕಿಂತ ಫಜೀತಿ ಗುರೆಳ್ಳಿನದು. ಸಂಕೇಶ್ವರದ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಗುರೆಳ್ಳು ಚಟ್ನಿಯಿಲ್ಲದೆ ರೊಟ್ಟಿಯ ಊಟ ಬೆಳಗಾವಿ ಸೀಮೆಯಲ್ಲಿ ಊಟದ ಲೆಕ್ಕಕ್ಕೇ ಬರದು. ಇಥಿಯೋಪಿಯಾ ಮೂಲದ ಈ ಕಾಳು ಅಮೆರಿಕದಲ್ಲಿ ದಿನಸಿಯ ಕಡೆ ಸುಳಿಯುವುದೇ ಇಲ್ಲ. ನಾಯಿಯ ಬಿಸ್ಕತ್ತು ದಾಟಿ ಹಕ್ಕಿಗಳ ಮೇವಿನ ಸಾಲಿಗೆ ಹೋದರೆ, ಚೀಲದ ಮೇಲೊಂದು ಹಳದಿ ಗೋಲ್ಡ್‌ಫಿಂಚ್ ಹಕ್ಕಿಯ ಚಿತ್ರ, ಒಳಗೆ ಕಿಲೋಗಟ್ಟಲೆ ಗುರೆಳ್ಳು! ಕಳೆಬೀಜ ಮೊಳೆಯದಿರಲೆಂದು ಆಮದಾಗುವ ಗುರೆಳ್ಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಕಾಯಿಸಬೇಕೆಂಬುದು ಅಲ್ಲಿಯ ನಿಯಮ. ಅಂದರೆ ಅರ್ಧ ಹುರಿಯುವ ಕೆಲಸ ಸರಕಾರವೇ ಮಾಡಿಸಿಕೊಟ್ಟಿರುತ್ತದೆ. ಆದರೆ ಮನುಷ್ಯರು ತಿನ್ನಲೆಂದು ಹಸನು ಮಾಡಿದ ಕಾಳು ಅದಲ್ಲ. ಹೀಗಾಗಿ ಆಸೆಪಟ್ಟು ತಂದ ಚೀಲ ಕೊನೆಗೆ ಹಿತ್ತಲಿನ ಮರಕ್ಕೇ ತೂಗುಬೀಳುತ್ತದೆ. ಹೊರಗೆ ಹಕ್ಕಿಗಳು ತಾಜಾ ಗುರೆಳ್ಳು ಮೆಲ್ಲುತ್ತಿರುವಾಗ, ಒಳಗೆ ಗೋಕಾಕದವರು ಊರಿಂದ ಬಂದ ಡಬ್ಬಿಯ ತಳ ಕೆರೆಯುತ್ತಿರುತ್ತಾರೆ.