ವಂಶದ ಆಪ್ಷನ್ ಎಂಟ್ರಿ

ಸಿಇಟಿ ರ‍್ಯಾಂಕ್ ಬಂದದ್ದು ಮಗಳಿಗೆ. ಆಪ್ಷನ್ ಎಂಟ್ರಿಗೆ ಲ್ಯಾಪ್‌ಟಾಪ್ ಮುಂದೆ ಕೂತದ್ದು ಇಡೀ ವಂಶ.

ಅಪ್ಪ: ಹಾಕು. ಮೊದಲನೇದು ಕಂಪ್ಯೂಟರ್ ಸೈನ್ಸ್. ಎರಡನೇದೂ ಅದೇ. ಮೂರನೇದೂ.

ಮಗಳು: ಅಪ್ಪಾ, ನಂಗೆ ಸಿವಿಲ್ ಇಷ್ಟ.

ಅಪ್ಪ: ಇಷ್ಟ ಎಲ್ಲಾ ಹೋಟೆಲಲ್ಲಿ ಹೇಳು.

ದೊಡ್ಡಪ್ಪ: ವಿಶ್ವೇಶ್ವರಯ್ಯನವರು ಓದಿದ್ದು ಸಿವಿಲ್ಲೇ ಅಲ್ವೇನೋ?

ಅಪ್ಪ: ಆಗ ಕಂಪ್ಯೂಟರ್ ಇರ್ಲಿಲ್ಲ ಅಣ್ಣ. ಇದ್ದಿದ್ರೆ ಕನ್ನಂಬಾಡಿ ಯಾಕೆ ಕಟ್ತಿದ್ರು?

(ದೊಡ್ಡಪ್ಪನವರು ಈ ವಾದಕ್ಕೆ ಬೆರಗಾಗಿ ಕಾಫಿ ಕೇಳಿದರು.)

ಮಾವ: ಭಾವ, ಈ ಕಾಲೇಜು ನೋಡಿ. ಪ್ಯಾಕೇಜು ಐವತ್ತು ಲಕ್ಷ!

ಮಗಳು: ಅದು ಒಬ್ಬರಿಗೆ ಸಿಕ್ಕಿದ್ದು ಮಾವ. ಮೀಡಿಯನ್ ಎಷ್ಟು? ನೂರು ಜನರನ್ನ ಸಂಬಳದ ಸಾಲಲ್ಲಿ ನಿಲ್ಲಿಸಿದ್ರೆ ನಡುವೆ ನಿಂತವನಿಗೆಷ್ಟು?

ಮಾವ: ಅದು ಬ್ರೋಷರಲ್ಲಿಲ್ಲ ಪುಟ್ಟಿ.

ಮಗಳು: ಲ್ಯಾಬಿನ ಫೋಟೊ?

ಮಾವ: ಈಜುಕೊಳದ್ದಿದೆ. ಎರಡು ಪುಟ.

ಅಮ್ಮ: ಹಾಸ್ಟೆಲ್ ಫೀಸು?

ಮಾವ: ಅದಕ್ಕೆ ಫೋನ್ ಮಾಡ್ಬೇಕಂತೆ.

ಅಪ್ಪ: ದೊಡ್ಡ ಕಾಲೇಜು ನಮ್ಮ ರ‍್ಯಾಂಕಿಗೆ ಡೌಟು. ಸಿಗೋದನ್ನ ಮೇಲೆ ಹಾಕು.

ಮಗಳು: ಉಲ್ಟಾ ಅಪ್ಪಾ! ಮೇಲಿಂದ ನೋಡ್ತಾ ಬರ್ತಾರೆ. ಮೇಲಿನದು ಸಿಕ್ಕಿದ್ರೆ ಕೆಳಗಿನವೆಲ್ಲ ರದ್ದು. ತುಂಬಾ ಬೇಕಾದ್ದೇ ಮೇಲಿರ್ಬೇಕು.

ಅಪ್ಪ: ಯಾರು ಹೇಳಿದ್ದು?

ಮಗಳು: ಪರೀಕ್ಷಾ ಪ್ರಾಧಿಕಾರ. ಮಾಹಿತಿ ಪುಸ್ತಕದಲ್ಲೇ ಇದೆ.

ಅಪ್ಪ: ಅದನ್ನೆಲ್ಲ ಯಾರೇ ಓದ್ತಾರೆ! ವಾಟ್ಸಾಪಲ್ಲಿ ಬರ್ಲಿಲ್ವಲ್ಲ?

ಪೋಷಕರಲ್ಲಿ ವಿನಂತಿ: ಅಣಕು ಸೀಟು ಹಂಚಿಕೆ ಬಂದ ಮೇಲೂ ಪಟ್ಟಿ ತಿದ್ದಲು ಅವಕಾಶವಿದೆ. ಪಾಸ್‌ವರ್ಡ್ ಮಾತ್ರ ಓದುವವರ ಕೈಲೇ ಇರಲಿ.